ಅರಿಸ್ಟಾಟಲನನ್ನು ಓದಲು ಗ್ರೀಕ್ ಕಲಿಯಲೇಬೇಕೇ?

ಪ್ರಶ್ನೆ: ನಿವೃತ್ತಿಯಾಗಿದೆ. ‘ಇರುವುದು’ ಎಂದರೇನು ಎಂದು ಕೇಳುವ ಅರಿಸ್ಟಾಟಲನ ಗ್ರಂಥ ‘ಮೆಟಫಿಸಿಕ್ಸ್’ ಓದಬೇಕೆಂದಿದ್ದೇನೆ. ದಿನಕ್ಕೆ ಒಂದು ಗಂಟೆ ಬಿಡುವಿದೆ. ಗ್ರೀಕ್ ಕಲಿಯಬೇಕೇ, ಇಂಗ್ಲಿಷ್ ಅನುವಾದ ಸಾಕೇ? ಅನುಭವವಿದ್ದವರು ತಿಳಿಸಿ.

ಧಾರವಾಡದಿಂದ: ನಾನು ಕಲಿತೆ. ಆರು ವರ್ಷ ಹಿಡಿಯಿತು. ವ್ಯಾಕರಣದ ಪುಸ್ತಕಕ್ಕೆ 1,150 ರೂಪಾಯಿ, ಹಳೆಯ ನಿಘಂಟಿಗೆ 3,800, ಅಂಚೆಗೆ 640. ಕಟ್ಟು ಬಿಚ್ಚಿ ನೋಡಿದರೆ ನಿಘಂಟಿನಲ್ಲಿ ‘ಸಿಗ್ಮಾ’ ಅಕ್ಷರದಿಂದಾಚೆಗೆ ಹಾಳೆಗಳೆಲ್ಲ ಗೆದ್ದಲು ಹಿಡಿದು ಜಾಲರಿಯಾಗಿದ್ದವು. ಮಾರಿದವರು ಒಂದು ಪೈಸೆಯನ್ನೂ ಹಿಂದಿರುಗಿಸಲಿಲ್ಲ. ಎರಡನೆಯ ವರ್ಷ ಕ್ರಿಯಾಪದಗಳ ಮುಂದೆ ಸೋತು ಎಂಟು ತಿಂಗಳು ಪುಸ್ತಕ ಮುಟ್ಟಲಿಲ್ಲ. ಆದರೂ ಪಶ್ಚಾತ್ತಾಪವಿಲ್ಲ. ಅರಿಸ್ಟಾಟಲನಿಗಿಂತ ಹಿಂದಿನ ಗ್ರೀಕ್ ತತ್ತ್ವಜ್ಞಾನಿ ಪಾರ್ಮೆನಿಡೀಸನ ಕಾವ್ಯದಲ್ಲಿ ‘ಎಸ್ತಿನ್’ (‘ಇದೆ’) ಎಂಬ ಒಂದು ಪದದ ಎದುರು ಒಂದು ವಾರ ಕುಳಿತಿದ್ದೆ. ‘ಮರ ಇದೆ’ ಎನ್ನಲು ನಮಗೆ ಕ್ರಿಯಾಪದ ಬೇಕು, ‘ಇದು ಮರ’ ಎನ್ನಲು ಬೇಡ. ಗ್ರೀಕಿನಲ್ಲಿ ಎರಡೂ ಕೆಲಸಕ್ಕೆ ಅದೇ ಪದ ಒದಗುತ್ತದೆ. ಇಲ್ಲದ್ದನ್ನು ಅರಿಯಲೂ ಆಗದು, ಹೇಳಲೂ ಆಗದು ಎಂದು ಅವನು ಹಟ ಹಿಡಿಯುವುದರ ಬಲವೆಲ್ಲ ಅಲ್ಲಿದೆ. ಅನುವಾದದಲ್ಲಿ ಓದಿದವರಿಗೆ ಇದು ಕಾಣುವುದೇ ಇಲ್ಲ.

ಶಿವಮೊಗ್ಗದಿಂದ: ಕಾಣುವುದಿಲ್ಲ ಎಂದು ನೀವು ತೀರ್ಪು ಕೊಟ್ಟರೆ ಹೇಗೆ? ‘ಮೆಟಫಿಸಿಕ್ಸ್’ನ ಭಾಗಗಳಾದ ಹದಿನಾಲ್ಕೂ ಪುಸ್ತಕಗಳನ್ನು ಅನುವಾದದಲ್ಲೇ ಮೂರು ಸಲ ಮುಗಿಸಿದ್ದೇನೆ. ಏಳನೆಯದರಲ್ಲಿ ನಾಲ್ಕು ತಿಂಗಳು ಸಿಕ್ಕಿಬಿದ್ದಿದ್ದೆ. ಅಲ್ಲಿನ ಉದಾಹರಣೆಯಲ್ಲಿ ಕಂಚಿನ ಗೋಳವಿದೆ, ಕಮ್ಮಾರ ಕಂಚನ್ನೂ ಮಾಡಲಿಲ್ಲ, ಗುಂಡಗಿನ ಆಕಾರವನ್ನೂ ಮಾಡಲಿಲ್ಲ, ಅದನ್ನು ಇದರಲ್ಲಿ ಮೂಡಿಸಿದ. ಹಾಗಿದ್ದರೆ ದ್ರವ್ಯ, ಎಂದರೆ ಮೂಲತಃ ಇರುವುದು, ಯಾವುದು? ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಧ್ಯಯುಗದ ಪರ್ಷಿಯನ್ ತತ್ತ್ವಜ್ಞಾನಿ ಅವಿಸೆನ್ನಾ ಇದೇ ಗ್ರಂಥವನ್ನು ಅರಬ್ಬಿಯಲ್ಲಿ ನಲವತ್ತು ಸಲ ಓದಿದ, ಬಾಯಿಪಾಠವಾಯಿತು, ಅರ್ಥವಾಗಲಿಲ್ಲ. ಕೊನೆಗೆ ಮೂರು ದಿರ್ಹಮ್ ಕೊಟ್ಟು ಕೊಂಡ, ಅವನಿಗಿಂತ ಹಿಂದಿನ ತತ್ತ್ವಜ್ಞಾನಿ ಅಲ್ ಫರಾಬಿಯ ಪುಸ್ತಕದಿಂದ ಕಣ್ಣು ತೆರೆಯಿತು. ಗ್ರೀಕ್ ಕಲಿತು ಅಲ್ಲ.

ಧಾರವಾಡದಿಂದ: ನಲವತ್ತು ಸಲ ಓದಬೇಕಾಯಿತಲ್ಲ! ನನ್ನ ಮಾತಿಗೇ ಸಾಕ್ಷಿ ಒದಗಿಸಿದಿರಿ.

ಮೈಸೂರಿನಿಂದ: ಇಬ್ಬರ ಜಗಳ ಹಾಗಿರಲಿ, ಅರಿಸ್ಟಾಟಲನ ಮೂಲ ಗ್ರೀಕ್ ಪದ ‘ಊಸಿಯಾ’ಕ್ಕೆ ದಯವಿಟ್ಟು ‘ದ್ರವ್ಯ’ ಎನ್ನಬೇಡಿ. ಅದು ನಮ್ಮ ಆರು ದರ್ಶನಗಳಲ್ಲೊಂದಾದ ವೈಶೇಷಿಕದವರ ಪದ. ಪೃಥ್ವಿಯಿಂದ ಮನಸ್ಸಿನವರೆಗೆ ಅವರಿಗೆ ಒಂಬತ್ತು ದ್ರವ್ಯಗಳಿವೆ, ಕಾಲವೂ ದ್ರವ್ಯ, ದಿಕ್ಕೂ ದ್ರವ್ಯ. ಅರಿಸ್ಟಾಟಲ್ ಕಾಲವನ್ನು ಊಸಿಯಾ ಎನ್ನುವುದಿಲ್ಲ. ಊಸಿಯಾ ಹುಟ್ಟಿದ್ದು ‘ಇರು’ ಎಂಬರ್ಥದ ಧಾತುವಿನಿಂದ. ಗ್ರೀಕರ ದಿನಬಳಕೆಯಲ್ಲಿ ಹೊಲಮನೆಯ ಆಸ್ತಿಗೂ ಅದೇ ಪದ. ಈ ಒಂದು ಪದದಿಂದಾಗಿ ನನ್ನ ಕನ್ನಡ ಅನುವಾದ 62ನೆಯ ಪುಟಕ್ಕೆ ನಿಂತುಹೋಯಿತು.

ಶಿವಮೊಗ್ಗದಿಂದ: ತಪ್ಪು ಹುಡುಕುವುದು ಸುಲಭ. ನಿಮ್ಮ ಪದ ಯಾವುದು, ಹೇಳಿ.

ಮೈಸೂರಿನಿಂದ: ಸುಲಭವೇ? ಹಸ್ತಪ್ರತಿ ಈಗ ಮೇಜಿನ ಮೇಲೇ ಇದೆ. ಶಾಯಿಯಲ್ಲಿ ‘ದ್ರವ್ಯ’ ಎಂದು ಬರೆದು ಗೀಟು ಹೊಡೆದಿದ್ದೇನೆ, ಮೇಲೆ ಪೆನ್ಸಿಲಿನಲ್ಲಿ ಇರುವಿಕೆ ಎಂಬರ್ಥದ ಸಂಸ್ಕೃತ ಪದ ‘ಸತ್ತೆ’, ಅದನ್ನೂ ಉಜ್ಜಿ ‘ಇರವು’. ಉಜ್ಜಿ ಉಜ್ಜಿ ಹದಿನೇಳನೆಯ ಪುಟ ಆ ಜಾಗದಲ್ಲಿ ತೂತಾಗಿದೆ.