ಹಳೆ ಮಾರುತಿ ಜಿಪ್ಸಿ: ಸ್ಟೀರಿಂಗ್ ನಡುಗುತ್ತದೆ, ಮುಂದಿನ ಚಕ್ರದ ಒಳಬದಿಯಿಂದ ಎಣ್ಣೆ. ಮನೆಯಲ್ಲೇ ರಿಪೇರಿ ಆಗ್ತದಾ?

ಹೆಬ್ರಿ ತೋಟ:
ನಮ್ಮದು 2004ರ ಜಿಪ್ಸಿ ಕಿಂಗ್, ಎಂಪಿಎಫ್‌ಐ ಎಂಬ ಪೆಟ್ರೋಲ್ ಇಂಜೆಕ್ಷನ್ ಎಂಜಿನ್, ಬಟ್ಟೆ ಮಾಡಿನ ಸಾಫ್ಟ್ ಟಾಪ್. ಗೊಬ್ಬರ, ಅಡಿಕೆ ಗೋಣಿ ಎಲ್ಲ ಸಾಗಿಸುವುದು ಇದರಲ್ಲೇ. ಮಳೆಗಾಲದಲ್ಲಿ ಮನೆಗೆ ಬರಬೇಕಾದರೆ ಒಂದು ತೋಡು ದಾಟಬೇಕು, ನೀರು ಹಬ್‌ವರೆಗೆ ಬರುತ್ತದೆ.

ಈಗ 50 ಕಿ.ಮೀ. ವೇಗದ ಆಸುಪಾಸಿನಲ್ಲಿ ಹೊಂಡಕ್ಕೆ ಬಿದ್ದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ. ವೇಗ ಪೂರ್ತಿ ಇಳಿಸುವವರೆಗೆ ನಿಲ್ಲುವುದಿಲ್ಲ. ಜೊತೆಗೆ ಬಲಬದಿ ಮುಂದಿನ ಚಕ್ರದ ಒಳಗಿರುವ ಗುಂಡಗಿನ ಭಾಗದಿಂದ ಕಪ್ಪು ಎಣ್ಣೆ ಇಳಿಯುತ್ತಿದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ ಆಯ್ತು. ಒಂದು ಗ್ಯಾರೇಜಿನಲ್ಲಿ ಸ್ಟೀರಿಂಗ್ ಬಾಕ್ಸೇ ಬದಲಿಸಬೇಕು ಎಂದರು. ನನ್ನ ಹತ್ತಿರ ಸಾಕೆಟ್ ಸೆಟ್, ಬಾಟಲ್ ಜಾಕ್ ಉಂಟು. ಬ್ರೇಕ್ ಪ್ಯಾಡ್, ಆಯಿಲ್ ನಾನೇ ಬದಲಿಸುತ್ತೇನೆ. ಇದು ಕೈಗೆ ಎಟುಕುವ ಕೆಲಸವಾ? ಗಾಡಿ ಮಾರುವ ಯೋಚನೆ ಇಲ್ಲ.

ಕಾರ್ಕಳ 4x4:
ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ಅದುರು ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿ ನೋಡಿ. ನನ್ನ ಸ್ನೇಹಿತನ ಗಾಡಿಯಲ್ಲಿ ನಡುಕ ಅದರಿಂದಲೇ ನಿಂತಿತು. ಅರ್ಧ ಗಂಟೆಯ ಕೆಲಸ.

ಸುರತ್ಕಲ್ ಕಡಲಬದಿ:
ಡ್ಯಾಂಪರ್ ಈಗಲೇ ಹಾಕಬೇಡಿ ಮಾರಾಯ್ರೆ. ಅದು ನಡುಕವನ್ನು ಅಡಗಿಸುತ್ತದೆ, ಕಾರಣ ಒಳಗೇ ಉಳಿಯುತ್ತದೆ. ನೀವು ಹೇಳಿದ ಎರಡು ತೊಂದರೆಯೂ ಒಂದೇ ಜಾಗದಿಂದ ಬರುತ್ತಿರುವ ಹಾಗೆ ಕಾಣುತ್ತದೆ. ನಕಲ್ ಬಿಚ್ಚಿ, ಅಂದರೆ ಚಕ್ರವನ್ನು ಆಕ್ಸಲ್ ತುದಿಗೆ ಸೇರಿಸಿ ತಿರುಗಲು ಬಿಡುವ ಆ ಗುಂಡಗಿನ ಜೋಡಣೆ. ಅಪ್ಪ ಓಡಿಸುತ್ತಿದ್ದ ಜಿಪ್ಸಿಯನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ, ಅದರ ಎರಡೂ ಬದಿಯ ನಕಲ್ ಮನೆಯಂಗಳದಲ್ಲೇ ಬಿಚ್ಚಿ ಕಟ್ಟಿದ್ದೇನೆ. ನಿಮ್ಮಿಂದಲೂ ಆಗುತ್ತದೆ.

ಆ ಗುಂಡಗಿನ ಭಾಗದ ಮೇಲೆ ಕೆಳಗೆ ಒಂದೊಂದು ಕಿಂಗ್‌ಪಿನ್ ಬೇರಿಂಗ್ ಇರುತ್ತದೆ. ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಅದರ ಮೇಲೆ. ಒಳಗೆ ಗ್ರೀಸ್ ಮಾತ್ರ ಇರಬೇಕು. ಆಕ್ಸಲ್ ಕೊಳವೆಯ ತುದಿಯ ಆಯಿಲ್ ಸೀಲ್ ಸವೆದರೆ ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ ಗೇರ್ ಡಬ್ಬಿ) ಎಣ್ಣೆ ಹೊರಗೆ ಬಂದು ಗ್ರೀಸನ್ನು ಕರಗಿಸುತ್ತದೆ. ನಿಮಗೆ ಕಾಣುವ ಕಪ್ಪು ಎಣ್ಣೆ ಅದೇ. ಹೊರಗಿನ ಫೆಲ್ಟ್ ಸೀಲ್ ಕೂಡ ಹೋಗಿದ್ದರೆ ತೋಡಿನ ನೀರು, ಮಣ್ಣು ಒಳಗೆ ಹೋಗುತ್ತದೆ. ಬೇರಿಂಗ್ ತುಕ್ಕು ಹಿಡಿದು ಸಡಿಲವಾಗುತ್ತದೆ. ಸಡಿಲವಾದ ನಕಲ್‌ಗೆ ಒಂದು ಹೊಂಡ ಸಾಕು, ನಡುಕ ಶುರು.

ಬಿಚ್ಚುವ ಮೊದಲು ಪರೀಕ್ಷೆ ಮಾಡಿ. ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲ್ಲಾಟ) ಇದ್ದರೆ ಮನೆಯವರೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ಆಗಲೂ ಉಳಿದರೆ ಕಿಂಗ್‌ಪಿನ್. ಎಡ ಬಲಕ್ಕೆ ಅಲ್ಲಾಡಿದರೆ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡಿನ ತುದಿಯ ಕೀಲು (ಟೈ ರಾಡ್ ಎಂಡ್) ಕೂಡ ನೋಡಿ. ಸ್ಟೀರಿಂಗ್ ಬಾಕ್ಸಿಗೆ ದುಡ್ಡು ಹಾಕುವ ಮಾತು ಇಷ್ಟೆಲ್ಲ ಆದ ಮೇಲೆ.

ಮುಂದೆ ಉದ್ದದ ಶ್ಯಾಕಲ್ (ಪಟ್ಟಿ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಗಾಡಿ ಎತ್ತರ ಮಾಡಿದ್ದೀರಾ? ಅದರಿಂದ ಕ್ಯಾಸ್ಟರ್, ಅಂದರೆ ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗಿ ನಡುಕ ಜಾಸ್ತಿ ಆಗುತ್ತದೆ.

ಬಿಚ್ಚುವಾಗ ಬ್ರೇಕ್ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿ, ಹೋಸ್ ಮೇಲೆ ಭಾರ ಬೀಳಬಾರದು. ಮೇಲಿನ ಕಿಂಗ್‌ಪಿನ್, ಕೆಳಗಿನ ಕಿಂಗ್‌ಪಿನ್ ಬೇರೆ ಬೇರೆ ಡಬ್ಬಿಗೆ ಹಾಕಿ, ಅವುಗಳ ಶಿಮ್ (ಸಂದಿ ಹೊಂದಿಸುವ ತೆಳು ತಗಡು) ಸಮೇತ. ಬೇರಿಂಗಿನ ಜೊತೆ ಅದು ಕೂರುವ ಹೊರ ಉಂಗುರವನ್ನೂ (ಕಪ್) ಬದಲಿಸಬೇಕು. ಹಳೆ ಬೇರಿಂಗ್ ಮೇಲೆ ಕೊರೆದ ನಂಬರ್ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋಗಿ. ಸೀಲ್ ಮಾತ್ರ ಜಿಪ್ಸಿಯದ್ದೇ ಬೇಕು.

ಜೋಡಿಸಿದ ಮೇಲೆ ಬಿಗಿ ಎಷ್ಟಿರಬೇಕು ಎನ್ನುವುದೇ ಇಲ್ಲಿ ಮುಖ್ಯ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ಸಿಗುತ್ತದಲ್ವಾ, ಅದನ್ನು ಟೈ ರಾಡ್ ಕೂರುವ ತೂತಿಗೆ ಸಿಕ್ಕಿಸಿ ನಿಧಾನ ಎಳೆಯಿರಿ. ಫೆಲ್ಟ್ ಸೀಲ್ ಹಾಕುವ ಮೊದಲೇ ಎಳೆದು ನೋಡಬೇಕು, ಇಲ್ಲದಿದ್ದರೆ ಸೀಲಿನ ಬಿಗಿಯೂ ಲೆಕ್ಕಕ್ಕೆ ಬರುತ್ತದೆ. ನಕಲ್ ಅಲ್ಲಾಡಲು ಶುರುವಾಗುವಾಗ ಎಷ್ಟು ತೋರಿಸುತ್ತದೋ ಅದನ್ನು ಸರ್ವಿಸ್ ಮ್ಯಾನುಯಲ್ ಅಳತೆಗೆ ಹೋಲಿಸಿ. ಸಡಿಲ ಇದ್ದರೆ ಶಿಮ್ ತೆಗೆಯಬೇಕು, ಜಾಸ್ತಿ ಬಿಗಿ ಇದ್ದರೆ ಸೇರಿಸಬೇಕು. ಸುಮ್ನೆ ಹಳೆ ಶಿಮ್ ಹಾಗೇ ಹಾಕಿ ಬೋಲ್ಟ್ ಬಿಗಿದು ಬಿಟ್ಟರೆ ಹೊಸ ಬೇರಿಂಗ್ ಹಾಕಿಯೂ ನಡುಕ ಉಳಿಯಬಹುದು.

ಕುಂದಾಪುರ ಬೈಲು:
ಸುರತ್ಕಲ್ ಅಕ್ಕ ಹೇಳಿದ್ದು ಸರಿ. ಒಂದು ಎಚ್ಚರಿಕೆ. ಗಾಡಿ ಎತ್ತಿ ಕೆಳಗೆ ಕೆಂಪುಕಲ್ಲು ಇಡಬೇಡಿ. ನಮ್ಮ ಊರಲ್ಲಿ ಅಂಗಳದ ಮೂಲೆಯಲ್ಲಿ ನಾಲ್ಕು ಕಲ್ಲು ಇದ್ದೇ ಇರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಭಾರ ಒಂದೇ ಕಡೆ ಕೂತರೆ ಅದು ಪುಡಿಯಾಗುತ್ತದೆ. ಎರಡು ಜಾಕ್ ಸ್ಟ್ಯಾಂಡ್ ತನ್ನಿ, ಮಣ್ಣಿನ ಅಂಗಳವಾದರೆ ಕೆಳಗೆ ದಪ್ಪ ಹಲಗೆ ಹಾಕಿ.

ಹಾಗೇ ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಆಡುವ ಸಣ್ಣ ಕಿಂಡಿ) ನೋಡಿ. ಅದು ಮಣ್ಣು ತುಂಬಿ ಮುಚ್ಚಿರುತ್ತದೆ. ಓಡಿ ಬಿಸಿಯಾದ ಆಕ್ಸಲ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಒಂದು ರಬ್ಬರ್ ಪೈಪ್ ಹಾಕಿ ಬಾನೆಟ್ ಒಳಗೆ ಎತ್ತರಕ್ಕೆ ಒಯ್ದು ಕಟ್ಟಿ.

ಹೆಬ್ರಿ ತೋಟ:
ಶ್ಯಾಕಲ್ ಕಂಪನಿಯದ್ದೇ. ಭಾನುವಾರ ಬಿಚ್ಚಿದೆ. ಬ್ರೇಕ್ ಒತ್ತಿದರೂ ಆಟ ಉಳಿದಿತ್ತು. ಕೆಳಗಿನ ಬೇರಿಂಗಿನಲ್ಲಿ ಗ್ರೀಸೇ ಇಲ್ಲ, ಕೆಂಪು ತುಕ್ಕಿನ ಪುಡಿ. ಡಿಫರೆನ್ಷಿಯಲ್ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆ. ಆ ಗುಂಡಗಿನ ಭಾಗದ ಮೇಲೂ ತುಕ್ಕಿನ ಚುಕ್ಕಿ ಉಂಟು. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ಒಂದೇ ಎಣ್ಣೆ ಹಾಕಬಹುದಾ? ಫ್ಲೋರ್ ಅಡಿಗೆ ಅಂಡರ್‌ಕೋಟಿಂಗ್ ಕೂಡ ಈಗಲೇ ಮಾಡಿಸಲಾ?

ಸುರತ್ಕಲ್ ಕಡಲಬದಿ:
ಒಂದೇ ಎಣ್ಣೆ ಬೇಡ. ಡಿಫರೆನ್ಷಿಯಲ್‌ಗೆ ಜಿಎಲ್-5, ಗೇರ್‌ಬಾಕ್ಸಿಗೆ ಜಿಎಲ್-4, ಇವು ಡಬ್ಬಿಯ ಮೇಲೆ ಬರೆದಿರುವ ಗೇರ್ ಎಣ್ಣೆಯ ದರ್ಜೆ. ಜಿಎಲ್-5ರಲ್ಲಿ ಗಂಧಕದ ಅಂಶ ಜಾಸ್ತಿ, ಅದು ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊ ರಿಂಗನ್ನು (ಗೇರ್ ನುಣ್ಣಗೆ ಬೀಳಲು ಇರುವ ಉಂಗುರ) ತಿನ್ನಬಹುದು. ಚಹಾದ ಬಣ್ಣ ಎಂದರೆ ಎಣ್ಣೆಗೆ ನೀರು ಸೇರಿದೆ. ಡಿಫರೆನ್ಷಿಯಲ್ ಎಣ್ಣೆ ಪೂರ್ತಿ ಇಳಿಸಿ, ಹೊಸದನ್ನು ಫಿಲ್ಲರ್ ತೂತಿನ ಅಂಚಿನವರೆಗೆ ತುಂಬಿಸಿ. ಮೊದಲ ತೋಡು ದಾಟಿದ ಮೇಲೆ ಸ್ವಲ್ಪ ಇಳಿಸಿ ಬಣ್ಣ ನೋಡಿ.

ಗುಂಡನ್ನು ಸಣ್ಣ ಎಮರಿ ಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಿ. ಚುಕ್ಕಿ ಹಾಗೇ ಬಿಟ್ಟರೆ ಹೊಸ ಸೀಲ್ ಹರಿಯುತ್ತದೆ.

ಅಂಡರ್‌ಕೋಟಿಂಗ್ ಮಳೆ ಹೋಗುವವರೆಗೆ ಬೇಡ, ಖಂಡಿತ ಬೇಡ. ತುಕ್ಕಿನ ಮೇಲೆ ಡಾಂಬರಿನಂಥ ಪದರ ಹಚ್ಚಿದರೆ ತೇವ ಒಳಗೆ ಕೂತು ತಗಡನ್ನು ತಿನ್ನುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಡಿಸೆಂಬರ್ ಬರಲಿ. ಮ್ಯಾಟ್ ಎಲ್ಲ ತೆಗೆದು ಬಿಸಿಲಿಗೆ ಒಣಗಿಸಿ, ವೈರ್ ಬ್ರಷ್ ಹಾಕಿ, ರಸ್ಟ್ ಕನ್ವರ್ಟರ್, ಆಮೇಲೆ ಎಪಾಕ್ಸಿ ಪ್ರೈಮರ್, ಕೊನೆಗೆ ಕೋಟಿಂಗ್. ಅಲ್ಲಿಯವರೆಗೆ ಚಾಸಿಯ ಒಳಗೆ ಪೈಪ್ ಇಟ್ಟು ಕೆಂಪು ಮಣ್ಣು ತೊಳೆದು, ನೀರು ಇಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ. ನಿಮ್ಮ ಹೆಬ್ರಿಯ ಬಾವಿ ನೀರು ಒಳ್ಳೆಯದು. ನಮ್ಮಲ್ಲಿ ಬೇಸಿಗೆಯಲ್ಲಿ ಕೆಲವು ಬಾವಿ ಉಪ್ಪಾಗುತ್ತದೆ, ಅದರಲ್ಲಿ ಗಾಡಿ ತೊಳೆಯಲೇಬಾರದು.

ಎಡಬದಿಯನ್ನೂ ಈಗಲೇ ಬಿಚ್ಚಿ. ಅದೂ ಅದೇ ತೋಡು ದಾಟಿದ್ದು.