ಸಹಾಯ ಬೇಕು: ಏಳು ತಿಂಗಳಿಂದ ಬಾರದ ಬಾಕಿ ಹಣದ ವಸೂಲಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾಲ್ಕು ಹೊಲಿಗೆ ಯಂತ್ರಗಳ ಸಣ್ಣ ಘಟಕ ನಡೆಸುತ್ತಿದ್ದೇನೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮೊದಲಿನಿಂದಲೂ ಇದೆ. ಖಾಸಗಿ ಸಂಸ್ಥೆಯೊಂದಕ್ಕೆ 300 ಜೊತೆ ಸಮವಸ್ತ್ರ ಒಪ್ಪಿಸಿ ಏಳು ತಿಂಗಳಾದರೂ ‘ಮುಂದಿನ ವಾರ ಬನ್ನಿ’ ಎಂಬ ಮಾತಲ್ಲದೆ ಹಣ ಕೈಸೇರಿಲ್ಲ. ಲಿಖಿತ ಕರಾರು ಮಾಡಿಕೊಂಡಿರಲಿಲ್ಲ, ಆದರೆ ಅವರ ಉಗ್ರಾಣದವರು ಎಣಿಸಿ, ಸಹಿ ಹಾಕಿ, ಮೊಹರು ಒತ್ತಿಕೊಟ್ಟ ಡೆಲಿವರಿ ಚಲನ್ ನನ್ನ ಬಳಿ ಇದೆ.

2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಇದ್ದರೂ ಗರಿಷ್ಠ 45 ದಿನಗಳಲ್ಲಿ ಖರೀದಿದಾರರು ಹಣ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ನೇರವಾಗಿ ಸೌಲಭ್ಯ ಮಂಡಳಿಗೆ (ಇಂಥ ಬಾಕಿ ವಿವಾದ ಬಗೆಹರಿಸಲು ಇದೇ ಕಾಯ್ದೆಯಡಿ ಇರುವ ಮಂಡಳಿ) ಅರ್ಜಿ ಹಾಕುವುದೋ, ಮೊದಲು ವಕೀಲರ ನೋಟಿಸ್ ಕಳಿಸುವುದೋ? ಹೊಲಿಯುವ ಮೂವರು ಹೆಣ್ಣುಮಕ್ಕಳ ಕೂಲಿಯನ್ನು ಸಾಲ ಮಾಡಿ ಕೊಡುತ್ತಿದ್ದೇನೆ. ಈ ದಾರಿಯಲ್ಲಿ ಹೋಗಿ ಬಂದವರು ದಯವಿಟ್ಟು ತಿಳಿಸಿ.