ಹದಿನೈದು ವರ್ಷದ ಮೇಲೆ ಮತ್ತೆ ಟ್ಯಾಂಕ್ ಕಿಟ್: ಹಳೇದರ ಚಕ್ರ ಕರಗಿದೆ, ಹೊಸದು ಮುಗೀತಿಲ್ಲ, ಯಾವ ಬ್ರ್ಯಾಂಡ್ ತಗೊಳ್ಳಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಕಾಲೇಜು ಮುಗಿದ್ಮೇಲೆ ಬಿಟ್ಟಿದ್ದ 1/35 (ನಿಜವಾದದ್ದರ 35ನೇ ಒಂದು ಅಳತೆಯ) ಟ್ಯಾಂಕ್ ಮಾಡೆಲಿಂಗ್‌ಗೆ ಮತ್ತೆ ಕೈ ಹಾಕಿದೀನಿ, ಶುರುವಲ್ಲೇ ಎರಡು ತೊಂದ್ರೆ. ಆಗ ಮಾಡಿಟ್ಟಿದ್ದ ಟೈಗರ್ ಟ್ಯಾಂಕ್ ಹೊರಗೆ ತೆಗೆದು ನೋಡಿದ್ರೆ, ರಬ್ಬರ್ ಥರದ ಟ್ರ್ಯಾಕ್ (ಚಕ್ರಗಳ ಸುತ್ತ ಸುತ್ತೋ ಪಟ್ಟಿ) ಎಲ್ಲೆಲ್ಲಿ ಚಕ್ರಕ್ಕೆ ತಾಗಿತ್ತೋ ಅಲ್ಲೆಲ್ಲ ಪ್ಲಾಸ್ಟಿಕ್ ಕರಗಿ ಟ್ರ್ಯಾಕ್ ಒಳಗೆ ಹೂತ್ಕೊಂಡಿದೆ, ಮುಟ್ಟಿದ್ರೆ ಜಿಡ್ಡು. ಬಿಸಿಲಿಗೆ ಇಟ್ಟಿರ್ಲಿಲ್ಲ, ಕಪಾಟಿನ ಒಳಗೇ ಇತ್ತು. ಇನ್ನೊಂದು, ಆಸೆಪಟ್ಟು ಪೂರ್ತಿ ಇಂಟೀರಿಯರ್ ಇರೋ ಹೊಸ ಕಿಟ್ ತಗೊಂಡೆ, ಪಾರ್ಟ್ ಸಾವಿರ ದಾಟುತ್ತೆ, ಒಂದು ತಿಂಗಳಾದ್ರೂ ಇಂಜಿನ್ ಹತ್ರಾನೇ ಇದೀನಿ, ಈಗ ಡಬ್ಬ ತೆಗೆಯೋಕೇ ಮನಸ್ಸಾಗ್ತಿಲ್ಲ. ನಂಗೆ ಗೊತ್ತಿದ್ದಿದ್ದು ತಮಿಯಾ, ಇಟಲೇರಿ ಅಷ್ಟೆ. ಈಗ ಮೆಂಗ್, ಟಾಕೊಮ್, ರೈ ಫೀಲ್ಡ್, ಮಿನಿಆರ್ಟ್ ಅಂತ ಎಷ್ಟೊಂದಿವೆ. ಯಾವ್ದು ತಗೊಂಡ್ರೆ ಮುಗಿಸ್ತೀನಿ?

ಉತ್ತರ:
ಸರ್, ಮೊದ್ಲು ಚಕ್ರದ ವಿಷ್ಯ. ಅದು ಬಿಸಿಗೆ ಕರಗಿದ್ದಲ್ಲ. ವಿನೈಲ್ ಟ್ರ್ಯಾಕ್ ಮೆತ್ತಗಿರ್ಲಿ ಅಂತ ಅದಕ್ಕೆ ಪ್ಲಾಸ್ಟಿಸೈಸರ್ ಸೇರಿಸಿರ್ತಾರೆ, ಅದು ವರ್ಷಗಟ್ಟಲೆ ನಿಧಾನಕ್ಕೆ ಹೊರಗೆ ಬಂದು ಚಕ್ರದ ಪಾಲಿಸ್ಟೈರೀನ್‌ನ ಮೆತ್ತಗೆ ಮಾಡುತ್ತೆ, ಜಿಡ್ಡೂ ಅದೇ. ಎಲ್ಲಾ ವಿನೈಲ್ ಹೀಗೆ ಮಾಡಲ್ಲ, ಆದ್ರೆ ಬಣ್ಣ ಹಚ್ಚದ ಚಕ್ರಕ್ಕೆ ಟ್ರ್ಯಾಕ್ ಬಿಗಿಯಾಗಿ ಒತ್ಕೊಂಡಿದ್ರೆ ಅಪಾಯ ಜಾಸ್ತಿ. ಟ್ರ್ಯಾಕ್‌ನ ಎಳೀಬೇಡಿ, ರಿಮ್ ಕಿತ್ಕೊಂಡು ಬರುತ್ತೆ. ಸೈಡ್ ಕಟ್ಟರ್‌ನಲ್ಲಿ ತುಂಡು ತುಂಡಾಗಿ ಕತ್ತರಿಸಿ ಬಿಡಿಸಿ, ಸೋಪು ನೀರಲ್ಲಿ ತೊಳೆದು ಕೆಲವು ದಿನ ಹಾಗೇ ಬಿಡಿ, ಗಟ್ಟಿಯಾದ್ಮೇಲೆ ಕುಳಿಗೆ ಪುಟ್ಟಿ ತುಂಬಿ ಉಜ್ಜಿ. ಟೈಗರ್‌ದು ಒಂದರ ಹಿಂದೆ ಒಂದು ಸೇರ್ಕೊಂಡಿರೋ ಚಕ್ರ, ಒಳಗಿನ ಸಾಲು ಕಾಣೋದೇ ಇಲ್ಲ, ಹೊರಗಿನ ಸಾಲು ಮಾತ್ರ ಸರಿಮಾಡಿದ್ರೆ ಸಾಕು. ಆಮೇಲೆ ಗಟ್ಟಿ ಪ್ಲಾಸ್ಟಿಕ್ ಟ್ರ್ಯಾಕ್ ಹಾಕಿ. ಅದನ್ನ ಎಸೀಬೇಡಿ ದಯವಿಟ್ಟು, ಮೊದಲ್ನೇ ಟೈಗರ್ ಅಲ್ವಾ.

ಬ್ರ್ಯಾಂಡ್ ಬಗ್ಗೆ ನನ್ನ ಅಭಿಪ್ರಾಯ, ಹೆಸರಿಗಿಂತ ಮೂರು ವಿಷ್ಯ ಮುಖ್ಯ: ಅಚ್ಚು ಯಾವ ವರ್ಷದ್ದು, ಪಾರ್ಟ್ ಎಷ್ಟು, ಟ್ರ್ಯಾಕ್ ಯಾವ ಥರದ್ದು. ತಮಿಯಾ ಅಂದ್ರೆ ಪಾರ್ಟ್‌ಗಳು ಕಚ್ಚಿ ಕೂತ್ಕೊಳ್ಳುತ್ತೆ ಅನ್ನೋ ಮಾತು ನಿಜ, ಆದ್ರೆ ಅವರ 1970ರ ದಶಕದ ಅಚ್ಚುಗಳು ಈಗ್ಲೂ ಮಾರಾಟದಲ್ಲಿವೆ, ಡಬ್ಬ ಹೊಸದಾಗಿ ಕಂಡ್ರೂ ಟ್ಯಾಂಕ್‌ನ ಕೆಳಗಿನ ಒಡಲು (ಹಲ್) ತಿರುಗಿಸಿದ್ರೆ ಆಗಿನ ಮೋಟಾರ್ ಸ್ವಿಚ್‌ಗೆ ಬಿಟ್ಟ ತೂತು ಹಾಗೇ ಇರುತ್ತೆ (1/35 ಅನ್ನೋ ಅಳತೆ ಬಂದಿದ್ದೇ ಅವರ ಮೊದಲ ಪ್ಯಾಂಥರ್ ಟ್ಯಾಂಕ್ ಕಿಟ್ ಒಳಗೆ ಮೋಟಾರು ಬ್ಯಾಟರಿ ಹಿಡಿಸೋಕೆ). ಡಬ್ಬದ ಮೇಲಿನ ಹೆಸರೂ ಪೂರ್ತಿ ನಂಬೋಕಾಗಲ್ಲ, ಏರ್‌ಫಿಕ್ಸ್‌ನ ಇತ್ತೀಚಿನ 1/35 ಟ್ಯಾಂಕ್‌ಗಳಲ್ಲಿ ಅಕಾಡೆಮಿ ಅನ್ನೋ ಬೇರೆ ಕಂಪನಿ ಅಚ್ಚಿನವೇ ಇವೆ. ಹಾಗಾಗಿ ಅಚ್ಚಿನ ವರ್ಷ ಹುಡುಕಿ ನೋಡಿ ತಗೊಳ್ಳಿ. ಡ್ರ್ಯಾಗನ್ ಕಂಪನಿ ಕಿಟ್‌ಗಳ ಡೀಟೇಲ್ ಚೆನ್ನಾಗಿರುತ್ತೆ, ಆದ್ರೆ ಬೇರೆ ಮಾದರಿಗಳ ಪಾರ್ಟ್ ಫ್ರೇಮ್‌ಗಳೂ ಒಂದೇ ಡಬ್ಬದಲ್ಲಿ ಬರೋದ್ರಿಂದ ಬೇಡದ ಪಾರ್ಟ್ ರಾಶಿ ಉಳಿಯುತ್ತೆ, ಯಾವ್ದು ಬೇಕು ಯಾವ್ದು ಬೇಡ ಅನ್ನೋ ಗೊಂದಲ. ಮಿನಿಆರ್ಟ್, ರೈ ಫೀಲ್ಡ್ ಎರಡೂ ನಂಗೆ ತುಂಬಾ ಇಷ್ಟ, ಆದ್ರೆ ಪಾರ್ಟ್ ಜಾಸ್ತಿ, ಅದಕ್ಕೆ ವಾಪಸ್ ಬರ್ತಿರೋವ್ರಿಗೆ ಮೊದಲ್ನೇ ಕಿಟ್ ಆಗಿ ಹೇಳಲ್ಲ. ತಮಿಯಾದ ಹೊಸ ಅಚ್ಚು, ಇಲ್ಲಾ ಇಂಟೀರಿಯರ್ ಇಲ್ಲದ ಟಾಕೊಮ್ ಬ್ಲಿಟ್ಜ್ ಸರಣಿ, ಇವೆರಡರಲ್ಲಿ ಒಂದು ತಗೊಂಡು ಮುಗ್ಸಿ. ಆ ಸಾವಿರ ಪಾರ್ಟಿಂದು ಕವರ್ ಸಮೇತ ಎತ್ತಿಡಿ, ಕೆಡಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಗಟ್ಟಿ ಟ್ರ್ಯಾಕ್ ಅಂದ್ರೆ ಒಂದೊಂದೇ ಕೊಂಡಿ ಸೇರಿಸೋದಾ? ಅಷ್ಟು ತಾಳ್ಮೆ ಬರುತ್ತಾ ಅಂತ ಭಯ.

ಇನ್ನೊಬ್ಬರ ಉತ್ತರ:
ಮಧ್ಯೆ ಬಾಯಿ ಹಾಕ್ತೀನಿ. ಟೈಗರ್‌ಗೆ ಒಂದು ಕಡೆಗೆ 96 ಕೊಂಡಿ, ಎರಡೂ ಕಡೆ ಸೇರಿ 192, ಪ್ರತಿ ಕೊಂಡಿಗೂ ಎರಡು ಎಜೆಕ್ಟರ್ ಪಿನ್ ಗುರುತಿದ್ರೆ (ಅಚ್ಚಿಂದ ಪಾರ್ಟ್ ಹೊರಗೆ ತಳ್ಳೋ ಕಡ್ಡಿ ಬಿಡೋ ದುಂಡು ಗುರುತು) 384 ಕಡೆ ಉಜ್ಜಬೇಕು, ಅದು ಬೇಡವೇ ಬೇಡ. ಲಿಂಕ್ ಅಂಡ್ ಲೆಂಗ್ತ್ ಥರದ್ದು ನೋಡಿ, ನೇರ ಭಾಗ ಉದ್ದ ಪಟ್ಟಿಯಾಗಿ ಬರುತ್ತೆ, ಮುಂದಿನ ಹಲ್ಲಿರೋ ಚಕ್ರ (ಸ್ಪ್ರಾಕೆಟ್) ಮತ್ತೆ ಹಿಂದಿನ ತುದಿ ಚಕ್ರ (ಐಡ್ಲರ್) ಸುತ್ತ ಮಾತ್ರ ಬಿಡಿ ಕೊಂಡಿ. ಆ ಬಿಡಿ ಕೊಂಡಿಗಳನ್ನ ಮಾಸ್ಕಿಂಗ್ ಟೇಪ್ ಮೇಲೆ ಸಾಲಾಗಿಟ್ಟು ಅಂಟು ಹಚ್ಚಿ, ಪೂರ್ತಿ ಒಣಗೋಕೆ ಮುಂಚೆ, ಬೆರಳಲ್ಲಿ ಎತ್ತಿದ್ರೆ ಸಾಲು ಕಳಚದೆ ಬಾಗೋ ಹದದಲ್ಲಿ, ಸ್ಪ್ರಾಕೆಟ್‌ಗೆ ಸುತ್ತಿ. ಮೇಲಿನ ಪಟ್ಟಿ ಚಕ್ರಗಳ ಮೇಲೆ ಜೋತು ಬೀಳ್ಬೇಕು, ಅದಕ್ಕೆ ಫೆಂಡರ್ (ಟ್ರ್ಯಾಕ್ ಮೇಲಿನ ಮಡ್‌ಗಾರ್ಡ್) ಸಂದೀಲಿ ಸ್ಪಾಂಜ್ ತುಂಡು ತುರುಕಿ ರಾತ್ರಿಯೆಲ್ಲ ಬಿಡಿ. ಒಂದೇ ಎಚ್ಚರ, ಸ್ಪ್ರಾಕೆಟ್ ಮತ್ತೆ ಐಡ್ಲರ್‌ನ ಟ್ಯಾಂಕ್ ಒಡಲಿಗೆ ಅಂಟಿಸ್ಬೇಡಿ, ಆಗ ಇಡೀ ಟ್ರ್ಯಾಕ್ ಎರಡು ತುಂಡಾಗಿ ಹೊರಗೆ ಬರುತ್ತೆ, ಬಣ್ಣ ಬೇರೆಯಾಗೇ ಹೊಡೀಬಹುದು.